ಅಂಬಿಗ ಐಸಮನ ಓಟು

ಐಸಮ್ ನಕ್ಕಿದ್ದ.

ಬೇರೆ ಎಲ್ಲದಕ್ಕೂ ಅವನ ಹತ್ತಿರ ಸಬೂಬು ಇತ್ತು. ಬಂದೂಕಿನವರನ್ನು ಹೊಳೆ ದಾಟಿಸಿದ್ದಕ್ಕೆ ಇತ್ತು. ಚಳಿಗಾಲದಲ್ಲಿ ದಾರಿ ಕೇಳಿ ಬಂದ ಒಬ್ಬ ಹೆಂಗಸಿಗೆ ಇಲ್ಲ ಅಂದದ್ದಕ್ಕೂ ಹುಡುಕಿದರೆ ಒಂದು ಸಿಗುತ್ತಿತ್ತು. ಬೆನ್ನಿನ ಮೇಲೆ ಚಾವಟಿ ಇದೆ, ಮಗಳ ಕುತ್ತಿಗೆಗೆ ಹಗ್ಗ ಇದೆ ಅಂದರೆ ಗುಲಾಮನನ್ನು ಯಾರು ತಾನೇ ಏನು ಕೇಳಿಯಾರು? ಆದರೆ ನಗು ಅಂತ ಯಾರೂ ಅವನಿಗೆ ಹೊಡೆದು ಹೇಳಿರಲಿಲ್ಲ. ಅದು ತಾನಾಗಿಯೇ ಬಂದಿತ್ತು.

ಅವನು ದೋಣಿ ಕಟ್ಟುವ ಕಡವು ಮಿಸೌರಿ ಹೊಳೆಯ ಮೂಡಣ ದಡದಲ್ಲಿತ್ತು. ಮೂಡಣದ್ದು ಮಿಸೌರಿ ರಾಜ್ಯ. ಪಡುವಣದ್ದು ಕ್ಯಾನ್ಸಸ್, ಇನ್ನೂ ರಾಜ್ಯವಾಗದ ನೆಲ. ಮೂಡಣ ದಡದ ಸೆಣಬಿನ ಹೊಲ, ಹೊಲದಲ್ಲಿ ದುಡಿಯುವ ಇಪ್ಪತ್ತಾರು ಗುಲಾಮರು, ಕಡವಿನ ಹಲಗೆದೋಣಿ, ದೋಣಿ ನಡೆಸುವ ಐಸಮ್, ಎಲ್ಲವೂ ಕರ್ನಲ್ ಕ್ಯಾಲವೇಯ ಸ್ವತ್ತು. ಕರ್ನಲ್ ಯುದ್ಧ ಕಂಡವನಲ್ಲ. ನೂರೆಕರೆ ಸೆಣಬು ಬೆಳೆದು ಭಾನುವಾರ ಚರ್ಚಿನ ಮೊದಲ ಬೆಂಚಿನಲ್ಲಿ ಕೂತರೆ ಆ ಸೀಮೆಯಲ್ಲಿ ಯಾರನ್ನಾದರೂ ಕರ್ನಲ್ ಅನ್ನುತ್ತಿದ್ದರು.

ಐಸಮ್ ಹತ್ತೊಂಬತ್ತು ವರ್ಷದಿಂದ ಹುಟ್ಟು ಹಾಕುತ್ತಿದ್ದವನು. ಬಲಭುಜ ಎಡಭುಜಕ್ಕಿಂತ ಒಂದು ಹಿಡಿ ದಪ್ಪ. ಎರಡಾಳುದ್ದದ ಹುಟ್ಟನ್ನು ಎದೆಗೊತ್ತಿಕೊಂಡು ನೂಕಿ ನೂಕಿ ಎದೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಜಡ್ಡುಗಟ್ಟಿತ್ತು. ಅಲ್ಲಿ ಸೂಜಿ ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಂಠವೂ ಹಾಗೇ ಗಟ್ಟಿಯಾಗಿತ್ತು. ಆಚೆ ದಡದಿಂದ ಯಾರಾದರೂ ಕೂಗು ಹಾಕಿದರೆ ಈಚೆಯಿಂದ ಮರುಕೂಗು ಕೊಡಬೇಕು. ಎದುರುಗಾಳಿ ಇದ್ದರೂ ಅವನ ಮಾತು ಬಿಡಿಬಿಡಿಯಾಗಿ ಆಚೆ ಮುಟ್ಟುತ್ತಿತ್ತು.

ಆ ಹೊಳೆಯನ್ನು ನಂಬಿ ಕೆಟ್ಟವರೇ ಹೆಚ್ಚು. ನಿನ್ನೆ ಆಳವಿದ್ದಲ್ಲಿ ಇವತ್ತು ಮರಳು, ಮೊನ್ನೆ ಮರಳಿದ್ದಲ್ಲಿ ಇವತ್ತು ಸುಳಿ. ಕರಿಯರಿಗೆ ಅಕ್ಷರ ಕಲಿಸಿದರೆ ಶಿಕ್ಷೆ ಅಂತ ಮಿಸೌರಿಯಲ್ಲಿ ಕಾನೂನಿತ್ತು. ನೀರು ಓದುವುದಕ್ಕೆ ಮಾತ್ರ ಯಾರೂ ಕಾನೂನು ಮಾಡಿರಲಿಲ್ಲ. ಐಸಮ್ ಅದನ್ನು ಓದುತ್ತಿದ್ದ. ಮಧ್ಯಾಹ್ನದ ಬುತ್ತಿ ತರುತ್ತಿದ್ದ ಮಗಳು ಡಿಲಾಳಿಗೂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದ.

"ಸುಕ್ಕು ಬಿದ್ದ ನೀರು ಕಂಡ್ಯಾ ಕೂಸೆ, ಅದರಡಿ ಮರಳೈತೆ. ಕಾಲಿಡ್ಬೋದು. ನುಣ್ಣಗೆ ಹೊಳೀತದಲ್ಲ, ಅದನ್ನ ನಂಬ್ಬೇಡ."

"ಕರ್ನಲ್ ಮಾತಿದ್ದಂಗಾ?"

"ಬಾಯ್ಮುಚ್ಚು. ಗಾಳಿಗೂ ಕಿವಿ ಐತೆ," ಅಂದು ಅವನು ಆಚೆ ತಿರುಗಿ ನಗುತ್ತಿದ್ದ. ಆ ನಗು ಬೇರೆ. ಅದನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ, ಕರ್ನಲ್ ಒಬ್ಬನನ್ನು ಬಿಟ್ಟು.

ಡಿಲಾಗೆ ಈಗ ಹದಿನೇಳು. ಅವಳೇ ಅವನ ಕುತ್ತಿಗೆಯ ಹಗ್ಗ. "ನಿನ್ನ ಕಡವಿನಲ್ಲಿ ಓಡಿಬಂದ ಒಬ್ಬ ಕರಿಯ ದಾಟಿದರೂ ಸರಿ, ಮಾರನೆಯ ದಿನ ನಿನ್ನ ಮಗಳು ದಕ್ಷಿಣದ ಸಂತೆಯಲ್ಲಿ ನಿಂತಿರುತ್ತಾಳೆ. ಯಾರೂ ದಾಟದಿದ್ದರೆ ಅವಳನ್ನು ಮಾರುವುದಿಲ್ಲ, ನನ್ನ ಮಾತು," ಅಂದಿದ್ದ ಕರ್ನಲ್. ದಕ್ಷಿಣ ಅಂದರೆ ಹತ್ತಿ ಹೊಲ, ಕಬ್ಬಿನ ಗದ್ದೆ. ಹೋದವರು ಯಾರೂ ತಿರುಗಿ ಬಂದದ್ದಿಲ್ಲ.

ಜನವರಿಯಲ್ಲಿ ಆ ಹೆಂಗಸು ಬಂದಳು. ಹೊತ್ತು ಇಳಿಯುತ್ತಿತ್ತು. ಹೊಳೆ ಹೆಪ್ಪುಗಟ್ಟಿತ್ತು, ಆದರೆ ಪೂರ್ತಿಯಾಗಿ ಅಲ್ಲ. ದೋಣಿ ಗುಡಿಸಲಿನ ಹಿಂದೆ ಏನೋ ಸರಿದಾಡಿದಂತಾಗಿ ಐಸಮ್ ನೋಡಿದರೆ ಗಂಡಸಿನ ಬೂಟು ಹಾಕಿಕೊಂಡ ಒಬ್ಬ ಕರಿಯ ಹೆಂಗಸು. ಬೂಟು ದೊಡ್ಡದು, ಸಂದಿಗೆ ಜೋಳದ ತೆನೆಯ ಸಿಪ್ಪೆ ತುರುಕಿದ್ದಳು. ತುಟಿ ಒಡೆದಿತ್ತು.

"ಅಣ್ಣ, ದಾಟ್ಸು."

"ದೋಣಿ ಮಂಜುಗಡ್ಡೆಗೆ ಸಿಕ್ಕೊಂಡದೆ ತಾಯಿ."

"ನಡ್ದೇ ಹೋಯ್ತೀನಿ. ಎಲ್ಲಿ ಗಟ್ಟಿ ಐತೆ ಅಂತ ಹೇಳು, ಸಾಕು."

ಅವನಿಗೆ ಗೊತ್ತಿತ್ತು. ಕಡವಿನ ಎದುರಿಗೆ ಸೆಳವು ಜೋರು, ಮೇಲಿನ ಪದರ ರೊಟ್ಟಿಯಷ್ಟು ತೆಳು. ಕೂಗಳತೆ ಕೆಳಗೆ ಒಣಮರಗಳು ಕೂಡಿಬಿದ್ದ ಕಡೆ ಗಾಡಿ ಹೋದರೂ ತಡೆಯುವಷ್ಟು ಗಟ್ಟಿ.

"ನಂಗೆ ಮಗಳವ್ಳೆ," ಅಂದ.

"ನಂಗೂ ಅವ್ಳೆ. ಆ ಕಡೆ. ಅದಕ್ಕೇ ಅಲ್ವಾ ಹೋಗ್ತಿರೋದು."

"ನಂಗೇನೂ ಗೊತ್ತಿಲ್ಲ. ನೀನಿಲ್ಲಿ ಬಂದಿಲ್ಲ, ನಾ ನಿನ್ನ ನೋಡಿಲ್ಲ."

ಹೆಂಗಸು ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ. ತಿರುಗಿ ಕಡವಿನ ಕಡೆ ನಡೆದಳು. ಐಸಮ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಲೆಗೆ ಎರಡು ಕೊರಡು ಒಟ್ಟಿದ. ಬೆಂಕಿ ಚಟಪಟ ಅನ್ನಲಿ ಅಂತ ಹಸಿ ಕೊರಡನ್ನೇ ಹಾಕಿದ. ಆದರೂ ಕೇಳಿಸಿತು. ಮಂಜುಗಡ್ಡೆ ಬಿಟ್ಟ ಸದ್ದು. ಕಿರುಚಿದ್ದು ಕೇಳಲಿಲ್ಲ.

ಬೆಳಗ್ಗೆ ಹೋಗಿ ನೋಡಿದರೆ ಒಡೆದ ಕಡೆ ಮತ್ತೆ ಪದರ ಕಟ್ಟಿತ್ತು. ಅದರಲ್ಲಿ ಒಂದು ಬೂಟಿನ ಹಿಮ್ಮಡಿ ಮೇಲೆ ಎದ್ದು ನಿಂತಿತ್ತು. ಗಸ್ತಿನವರು ಕಂಡರೆ ನೂರು ಪ್ರಶ್ನೆ. ಐಸಮ್ ಗಳ ತಂದು, ಸುತ್ತ ಕುಟ್ಟಿ, ಆ ಬೂಟನ್ನು ಒಳಕ್ಕೆ ಅದುಮಿದ. ಎರಡು ಸಲ ಮೇಲೆ ಬಂತು. ಮೂರನೆಯ ಸಲ ಹೋಯಿತು.

ಹೆಂಡತಿ ಟೆಂಪಿಗೆ ಹೇಳಿದ. ಅವಳು ಕೇಳಿಸಿಕೊಂಡಳು. ಅಂದಿನಿಂದ ಅವನ ರೊಟ್ಟಿಯನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು ಹೋಗುತ್ತಿದ್ದಳು.

ಮಾರ್ಚ್ ಬಂತು. ಸಾವಿರದ ಎಂಟುನೂರ ಐವತ್ತೈದನೆಯ ಇಸವಿ. ದೂರದ ರಾಜಧಾನಿಯಲ್ಲಿ ಕೂತ ದೊಡ್ಡವರು ಹಿಂದಿನ ವರ್ಷವೇ ಒಂದು ಕಾನೂನು ಮಾಡಿದ್ದರು. ಪಡುವಣದ ಹೊಸ ನೆಲದಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ ಬಾರದೋ, ಅಲ್ಲಿಯ ಜನವೇ ತೀರ್ಮಾನಿಸಿಕೊಳ್ಳಲಿ ಅಂತ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ. ಜನ ಅಂದರೆ ಬಿಳಿ ಗಂಡಸರು. ಅಲ್ಲಿ ಉತ್ತು ಬಿತ್ತಿಕೊಂಡಿದ್ದ ಡೆಲವೇರ್ ಬುಡಕಟ್ಟಿನವರು ಜನ ಅಲ್ಲ, ಅವರ ಹೊಲದಲ್ಲಿ ಬಿಳಿಯರು ತಮ್ಮದೆಂದು ಆಗಲೇ ಗೂಟ ಹೊಡೆದಾಗಿತ್ತು. ಯಾರನ್ನು ಇಟ್ಟುಕೊಳ್ಳಬೇಕು ಅನ್ನುವ ಮಾತು ನಡೆದಿತ್ತೋ ಅವರಂತೂ ಜನ ಅಲ್ಲವೇ ಅಲ್ಲ. ಆ ನೆಲದಲ್ಲಿ ಒಂದು ರಾತ್ರಿಯೂ ಮಲಗದ ಮಿಸೌರಿಯ ಗುಲಾಮರ ಒಡೆಯರು ಮಾತ್ರ ಅಲ್ಲಿಯ ಜನವಾದರು. ಓಟಿನ ದಿನ ಹೊಳೆ ದಾಟುವುದು, ಓಟು ಹಾಕುವುದು, ಮನೆಗೆ ಬಂದು ಉಣ್ಣುವುದು.

ನಮ್ಮವರು ಅಂತ ಗುರುತು ಸಿಗುವುದಕ್ಕೆ ಕೋಟಿನ ಗುಂಡಿಯ ತೂತಿನಲ್ಲಿ ಸೆಣಬಿನ ನಾರಿನ ಕುಚ್ಚು ಸಿಗಿಸಿಕೊಳ್ಳಬೇಕು ಅಂತಾಯಿತು. ಮುನ್ನೂರು ಕುಚ್ಚು ಕಟ್ಟುವ ಕೆಲಸ ಟೆಂಪಿ ಮತ್ತು ಡಿಲಾ ಪಾಲಿಗೆ ಬಂತು. ಚಳಿಗಾಲವೆಲ್ಲ ಅದೇ ಸೆಣಬನ್ನು ಮರದ ಹಲ್ಲಿನ ನಡುವೆ ಇಟ್ಟು ಬಡಿದು ನಾರು ಬಿಡಿಸಿದ ಕೈ ಅವು. ಬಿರುಕಿನಲ್ಲಿ ನಾರು ಹೊಕ್ಕು ಕೀವಾಗಿತ್ತು. ನಾರು ಬಾಚಿ, ಬೆರಳುದ್ದ ಕತ್ತರಿಸಿ, ಬುಡಕ್ಕೆ ದಾರ ಸುತ್ತಿದರು.

"ನಮ್ಮ ಕೈ ತಿಂದ ಸೆಣಬು," ಅಂದಳು ಟೆಂಪಿ. "ಈಗ ಅವ್ರ ಎದೆ ಮ್ಯಾಲೆ ಹೂವ."

"ಮುಳ್ಳು ಸೇರ್ಸಿ ಕಟ್ಲಾ ಅವ್ವ?" ಅಂದಳು ಡಿಲಾ.

"ಕಟ್ಟು. ಯಾರ್ಗೆ ಚುಚ್ಚಿದ್ರೂ ಪುಣ್ಯವೇ."

ಓಟಿನ ದಿನ ಐಸಮ್ ಬೆಳಕು ಹರಿಯುವ ಮೊದಲೇ ದೋಣಿ ಬಿಟ್ಟ. ಇಪ್ಪತ್ತೆರಡು ಸಲ ಹೋಗಿ ಬಂದ. ಒಂದೊಂದು ಸಲಕ್ಕೆ ಹದಿನೈದು ಗಂಡಸರು, ಅವರ ಕುದುರೆ, ಬಂದೂಕು, ಪೀಪಾಯಿ ಹೆಂಡ. ಮೂರನೆಯ ಸಲ ಒಂದು ಫಿರಂಗಿಯನ್ನೂ ಏರಿಸಿದರು. ಓಟು ಹಾಕುವುದಕ್ಕೆ ಫಿರಂಗಿ ಯಾಕೆ ಅಂತ ಯಾರೂ ಕೇಳಲಿಲ್ಲ.

ಆ ಮೂರನೆಯ ಸಲವೇ ನಡುಹೊಳೆಯಲ್ಲಿ ಐಸಮನಿಗೆ ಅದು ಕಂಡಿತು. ಬೇರು ಕೆಸರಲ್ಲಿ ಹೂತು, ತುದಿ ಸೆಳವಿಗೆ ಚೂಪಾಗಿ ಮುಖ ಮಾಡಿದ ಮುಳುಗುಮರ. ನೀರಿನ ಮೇಲೆ ಒಂದು ಸಣ್ಣ ಉಬ್ಬು ಅಷ್ಟೆ. ಬೇರೆ ಯಾರ ಕಣ್ಣಿಗೂ ಬೀಳದು. ಸುಮ್ಮನೆ ಇದ್ದಿದ್ದರೆ ಸಾಕಿತ್ತು. ದೋಣಿಯ ತಳ ಸೀಳಿ ಫಿರಂಗಿ ಸಮೇತ ಎಲ್ಲರೂ ಹೋಗುತ್ತಿದ್ದರು. ಆದರೆ ಹತ್ತೊಂಬತ್ತು ವರ್ಷದ ಕೈ ಕೇಳಬೇಕಲ್ಲ. ಹುಟ್ಟು ತಾನೇ ತಿರುಗಿತು. ಬಾಯಿ ತಾನೇ ಕೂಗಿತು, "ಎಡಕ್ಕೆ ಬಾಗಿ ಬುದ್ಧಿ, ಎಡಕ್ಕೆ." ಮರದ ತುದಿ ದೋಣಿಯ ಪಕ್ಕೆ ಕೆರೆದುಕೊಂಡು ಹಿಂದೆ ಸರಿಯಿತು.

"ಭಲೇ," ಅಂದರು ಎಲ್ಲರೂ. ಕರ್ನಲ್‌ನ ತಮ್ಮನ ಮಗ ಲೈಲ್ ತನ್ನ ಸೀಸೆಯಿಂದಲೇ ಅವನಿಗೆ ಎರಡು ಗುಟುಕು ಕುಡಿಸಿದ. ಇಪ್ಪತ್ತೆರಡರ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ದಡದಿಂದ ಅರ್ಧ ಮೈಲಿ ದೂರದಲ್ಲಿ ಮರದ ದಿಮ್ಮಿಯ ಗುಡಿಸಲು. ಅದೇ ಓಟಿನ ಮನೆ. ಕಿಟಕಿಯ ಒಳಗೆ ಗುಮಾಸ್ತ ಪುಸ್ತಕ ಬಿಚ್ಚಿ ಕೂತಿದ್ದ. ಹೊರಗಿನವನು ಹೆಸರು ಹೇಳಿ ಚೀಟಿ ಕೊಡಬೇಕು. ಇಳಿಹೊತ್ತಿಗೆ ದೋಣಿಗೆ ಕೆಲಸವಿರಲಿಲ್ಲ, ಕುದುರೆ ಹಿಡಿದುಕೊಳ್ಳಲು ಐಸಮನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಕಿಟಕಿಯ ಮುಂದೆ ನೂಕುನುಗ್ಗಲು. ಲೈಲ್ ಬೆಳಗ್ಗೆ ತನ್ನ ಹೆಸರಲ್ಲಿ ಒಂದು ಓಟು ಹಾಕಿದ್ದ. ಮಧ್ಯಾಹ್ನ, ಎಂದೋ ಸತ್ತುಹೋದ ಮಾವನ ಹೆಸರಲ್ಲಿ ಇನ್ನೊಂದು. ಈಗ ಮೂರನೆಯದಕ್ಕೆ ಬಂದು ನಿಂತ, ಹೆಸರು ಹೊಳೆಯಲಿಲ್ಲ. ಸುತ್ತ ನೋಡಿದ. ಕುದುರೆಗಳ ನಡುವೆ ಐಸಮ್ ಕಂಡ.

"ಬರ್ಕೊಳ್ಳಿ. ಐಸಮ್ ಕ್ಯಾಲವೇ."

ಗುಂಪು ಗೊಳ್ಳೆಂದು ನಕ್ಕಿತು. ಗುಮಾಸ್ತನೂ ನಗುತ್ತಲೇ ಲೇಖನಿ ಅದ್ದಿದ.

"ವಾಸ?"

"ಕ್ಯಾನ್ಸಸ್. ಹೌದೇನೋ ಐಸಮ್?"

"ಬುದ್ಧಿಯೋರು ಹೇಳಿದ್ಮೇಲೆ ಇನ್ನೇನು," ಅಂದ ಐಸಮ್.

"ಗುಲಾಮರು ಇರಬೇಕೋ, ಬೇಡವೋ?"

ಎಲ್ಲರೂ ಅವನ ಕಡೆ ತಿರುಗಿದ್ದರು. ಅಷ್ಟು ಬಿಳಿಯ ಮುಖಗಳು ಒಟ್ಟಿಗೆ ಅವನ ಬಾಯಿಯಿಂದ ಏನು ಬರುತ್ತದೆ ಅಂತ ಕಾದದ್ದು ಅದೇ ಮೊದಲು.

"ಇರ್ಲಿ ಬುದ್ಧಿ. ಇಲ್ದಿದ್ರೆ ನಿಮ್ಮ ಕುದ್ರೆ ಹಿಡಿಯೋರ್ಯಾರು," ಅಂದ.

ಅಂದು, ನಕ್ಕ. ಹೊಟ್ಟೆಯಿಂದ ಬಂದ ನಗು. ಹಲ್ಲು ಬಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಎರಡು ಗುಟುಕು ಹೆಂಡದ ಮೇಲೆ ತಪ್ಪು ಹೊರಿಸಬಹುದು. ಆದರೆ ನಿಜ ಅದಲ್ಲ. ಅವನ ಹೆಸರಿಗೆ ಎರಡು ತುಂಡು ಇದೆ ಅಂತ ಯಾರೂ ಆವರೆಗೆ ಹೇಳಿರಲಿಲ್ಲ. ಅದನ್ನು ಒಂದು ಪುಸ್ತಕದಲ್ಲಿ ಶಾಯಿಯಲ್ಲಿ ಬರೆದರು. ಒಂದು ಗಳಿಗೆ ಅವನಿಗೆ ಹಿತವಾಯಿತು. ಲೈಲ್ ಚೀಟಿಯನ್ನು ಕಿಟಕಿಯೊಳಗೆ ತೂರಿದ. ಯಾರೋ ತನ್ನ ಕೋಟಿನ ಕುಚ್ಚು ಕಿತ್ತು ಐಸಮನ ಅಂಗಿಯ ಹರಕಿಗೆ ಸಿಗಿಸಿದರು.

ಸಂಜೆ ಗುಡಿಸಲಿಗೆ ಬಂದಾಗ ಟೆಂಪಿ ಅದನ್ನು ನೋಡಿದಳು. ಅವಳೇ ಕಟ್ಟಿದ ಕುಚ್ಚು, ದಾರದ ಗಂಟು ಅವಳದೇ.

"ತಮಾಸೆಗೆ ಸಿಗ್ಸಿದ್ರು," ಅಂದ.

ಅವಳು ಕಿತ್ತು ಒಲೆಗೆ ಹಾಕಿದಳು. ಅವನು ಉಳಿದದ್ದನ್ನು ಹೇಳಲಿಲ್ಲ.

ಗುಲಾಮರು ಇರಲಿ ಅನ್ನುವ ಓಟೇ ಗೆದ್ದಿತು. ಅಲ್ಲಿದ್ದ ಗಂಡಸರಿಗಿಂತ ಎರಡರಷ್ಟು ಓಟು ಬಿದ್ದಿತ್ತಂತೆ. ಪಡುವಣದ ನೆಲ ಒಡೆಯರದ್ದಾಯಿತು. ಲೈಲ್ ಆಚೆ ದಡದಲ್ಲಿ ನೂರರುವತ್ತು ಎಕರೆಗೆ ಗೂಟ ಹೊಡೆದು, ಒಂದು ಕೋಣೆಯ ಗುಡಿಸಲು ಎಬ್ಬಿಸಿದ. ಹುಡುಗ ಹೊಸದಾಗಿ ನೆಲೆ ನಿಲ್ಲುತ್ತಾನೆ ಅಂದರೆ ದೊಡ್ಡವರು ಕೈ ಹಿಡಿದು ಕಳಿಸಿಕೊಡುವುದು ಅವರಲ್ಲಿ ಪದ್ಧತಿ. ಒಂದು ಗಾಡಿ, ಒಂದು ಜೊತೆ ಎತ್ತು, ಒಂದಿಬ್ಬರು ಗುಲಾಮರು.

ಏಪ್ರಿಲ್ ಕೊನೆಯ ವಾರ ಕರ್ನಲ್ ಕ್ಯಾಲವೇಯೂ ಲೈಲನೂ ಕಡವಿಗೆ ಬಂದರು. ಟೆಂಪಿ ಬುತ್ತಿ ತಂದು ಅಲ್ಲೇ ನಿಂತಿದ್ದಳು.

"ನಾಳೆ ಬೆಳಗ್ಗೆ ದೋಣಿ ಸಿದ್ಧ ಇರಲಿ," ಅಂದ ಕರ್ನಲ್. "ಗಾಡಿ, ಎತ್ತು, ಡಿಲಾ."

ಐಸಮನ ಕೈಯಲ್ಲಿದ್ದ ಹಗ್ಗ ಜಾರಿತು. "ಬುದ್ಧಿ. ಮಾರಲ್ಲ ಅಂತ ಮಾತು ಕೊಟ್ಟಿದ್ರಿ."

"ಮಾರುತ್ತಿದ್ದೀನಾ? ಮನೆ ಹುಡುಗನಿಗೆ ಕೊಡ್ತಿದ್ದೀನಿ. ಹೊಳೆಯಾಚೆ. ಇಲ್ಲಿ ನಿಂತರೆ ಅವಳು ಹಚ್ಚಿದ ಒಲೆಯ ಹೊಗೆ ಕಾಣುತ್ತೆ."

"ಅಡುಗೆಗೆ ಬ್ಯಾರೆ ಯಾರ್ನಾದ್ರೂ ಕಳ್ಸಿ ಬುದ್ಧಿ. ನಾನೇ ಹೋಯ್ತೀನಿ."

ಲೈಲ್ ಅವನ ಭುಜ ತಟ್ಟಿದ. "ಓಟು ಹಾಕಿದ್ದು ನೀನೇ ಅಲ್ಲವೇನೋ? ಪುಸ್ತಕದಲ್ಲಿದೆ. ಗುಲಾಮರು ಇರಲಿ ಅಂದೋನು ಈಗ ಮುಖ ಯಾಕೆ ಸಪ್ಪೆ ಮಾಡ್ತೀಯ?"

ಅವರು ಹೋದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

ಟೆಂಪಿ ಬುತ್ತಿಯನ್ನು ಕೆಳಗಿಟ್ಟಳು. "ಯಾವ ಓಟು?"

ಅವನು ಹೇಳಿದ. ಈ ಸಲ ಎಲ್ಲವನ್ನೂ ಹೇಳಿದ. ಮುಳುಗುಮರ ಕಂಡದ್ದು, ತಪ್ಪಿಸಿದ್ದು, ಕಿಟಕಿ, ಹೆಸರು, ಅವನು ಅಂದ ಮಾತು.

"ಅವ್ರು ನಕ್ರಾ?"

"ನಕ್ರು."

"ನೀನು?"

ಅವನು ಹೊಳೆ ನೋಡಿದ. "ನಾನೂ ನಕ್ಕೆ."

ಟೆಂಪಿಯ ದನಿ ಏರಲಿಲ್ಲ. "ಕುಲಕ್ಕೆ ಮೃತ್ಯು ಕೊಡಲಿ ಕಾವು ಅಂತಾರೆ. ನಾನು ನಿನ್ನ ಜೊತೆ ಮಲಗಿದ್ದೆನಲ್ಲ ಇಷ್ಟು ವರ್ಷ. ಆ ಲೈಲ್ ಒಂಟಿ ಗಂಡ್ಸು, ಒಂದೇ ಕೋಣೆ. ಅವ್ನಿಗೆ ಬೇಕಾಗಿರೋದು ಅಡುಗೆನಾ? ನಿಂಗೊತ್ತು, ನಂಗೊತ್ತು, ಕರ್ನಲ್‌ಗೂ ಗೊತ್ತು. ಆ ಬೂಟಿನ ಹೆಂಗ್ಸಿಗೆ ಇಲ್ಲ ಅಂದೆ. ಮಗಳಿಗೋಸ್ಕರ ಅಂದೆ. ಅವ್ರಿಗೆ ಹೂಂ ಅಂದೆ. ಅದೂ ಮಗಳಿಗೋಸ್ಕರಾನಾ? ಹುಟ್ಟಿದಾಗಿಂದ ಒಂದೇ ಒಂದು ಸಲ ಅದನ್ನ ತಿರುವಿ ಹಾಕಿ ಹೇಳಕ್ಕಾಗ್ಲಿಲ್ವಾ ನಿಂಗೆ?"

ಐಸಮ್ ಜಾರಿದ್ದ ಹಗ್ಗ ಎತ್ತಿ ದೋಣಿಯನ್ನು ಕಂಬಕ್ಕೆ ಕಟ್ಟಿದ.

ಮಾರನೆಯ ಬೆಳಗ್ಗೆ ಗಾಡಿ ಬಂತು. ಎತ್ತು ಬಂತು. ಡಿಲಾ ಬಂದಳು, ಒಂದು ಗಂಟು ಹಿಡಿದುಕೊಂಡು. ಅಪ್ಪನ ಕಡೆ ನೋಡಲಿಲ್ಲ. ರಾತ್ರಿ ಅವ್ವ ಎಲ್ಲ ಹೇಳಿದ್ದಳು. ಮಗಳು ನೋಡದೆ ಹೋದದ್ದು ಅವನಿಗೆ ಯಾವ ಚಾವಟಿಗಿಂತಲೂ ಹೆಚ್ಚಾಗಿ ತಾಗಿತು.

"ಬಿಡು ದೋಣಿ," ಅಂದ ಕರ್ನಲ್.

"ಇಲ್ಲ," ಅಂದ ಐಸಮ್.

"ಏನಂದೆ?"

"ನಾ ದಾಟ್ಸಲ್ಲ."

ಧೈರ್ಯ ಬಂದು ಹೇಳಿದ್ದಲ್ಲ. ಇನ್ನೊಂದು ಸಲ ಹೂಂ ಅನ್ನುವುದಕ್ಕೆ ಮೈಯಲ್ಲಿ ಜಾಗ ಉಳಿದಿರಲಿಲ್ಲ. ತಾನೇ ಕೆತ್ತಿದ ಹುಟ್ಟನ್ನು ಎತ್ತಿ ಸೆಳವಿಗೆ ಎಸೆದ. ಅದು ಒಂದು ಸುತ್ತು ತಿರುಗಿ ಹೊರಟುಹೋಯಿತು.

ದೋಣಿ ಕಟ್ಟುವ ಕಂಬಕ್ಕೇ ಅವನನ್ನು ಕಟ್ಟಿದರು. ಅಂಗಿ ಹರಿದರು. ಹಸುವಿನ ತೊಗಲಿನ ಚಾವಟಿ. ಕರ್ನಲ್ ಮೊದಲು ಹೊಡೆದ, ಕೈ ಸೋತ ಮೇಲೆ ಲೈಲ್ ಹೊಡೆದ. ಇಪ್ಪತ್ತರ ನಂತರ ಚರ್ಮ ಬಿಟ್ಟಿತು. ಆಮೇಲೆ ಬಿದ್ದದ್ದು ಮಾಂಸಕ್ಕೆ. ಉಚ್ಚೆ ಹೋಯಿತು. ಕೂಗಿದ. ಕೂಗಬಾರದು ಅಂದುಕೊಂಡಿದ್ದ, ಆಗಲಿಲ್ಲ. ಗಾಯಕ್ಕೆ ಉಪ್ಪುನೀರು ಎರಚಿದರು. ಡಿಲಾ ಈಗ ನೋಡುತ್ತಿದ್ದಳು. ಕಣ್ಣು ತೆಗೆಯಲಿಲ್ಲ.

ಎರಡು ದಿನ ಕಳೆದು, ಮೇಲಿನ ಕಡವಿನಿಂದ ಒಬ್ಬ ಬಿಳಿಯ ಅಂಬಿಗನನ್ನು ಕರೆಸಿದರು. ಮೂರನೆಯ ದಿನ ಮಧ್ಯಾಹ್ನ ಗಾಡಿ, ಎತ್ತು, ಲೈಲ್, ಡಿಲಾ ಎಲ್ಲರನ್ನೂ ಹೇರಿಕೊಂಡು ದೋಣಿ ಹೊರಟಿತು. ಐಸಮ್ ಗುಡಿಸಲ ಬಾಗಿಲಲ್ಲಿ ಬೋರಲು ಬಿದ್ದಿದ್ದ. ಪಕ್ಕದಲ್ಲಿ ಟೆಂಪಿ ಕೂತು ನೊಣ ಓಡಿಸುತ್ತಿದ್ದಳು. ಮಲಗಿದಲ್ಲಿಂದಲೇ ಅವನು ಹೊಳೆ ನೋಡಿದ. ಎಲ್ಲೋ ಮೇಲೆ ಹಿಮ ಕರಗಿತ್ತು. ನೀರು ಕೆಂಪಾಗಿ ಏರುತ್ತಿತ್ತು. ಮೂರು ದಿನದಲ್ಲಿ ಮರಳೆಲ್ಲ ಜಾಗ ಬದಲಿಸಿತ್ತು.

ಆ ಅಂಬಿಗ ದೊಡ್ಡ ಸೆಳವನ್ನು ದಾಟಿದ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಆಚೆ ದಡ ಇನ್ನೂ ನೂರು ಮಾರು ಇದೆ ಅನ್ನುವಾಗ ದೋಣಿ ಮರಳ ದಿಬ್ಬಕ್ಕೆ ಕಚ್ಚಿಕೊಂಡು ನಿಂತಿತು. ಗಳ ಹಾಕಿ ನೂಕಿದರು, ಅಲ್ಲಾಡಲಿಲ್ಲ. ಎತ್ತು ಬೆದರಿ ಗಾಡಿ ವಾಲಿತು.

"ಎಳೆದುಕೊಂಡು ಬನ್ನಿ ಅವನನ್ನ," ಅಂದ ಕರ್ನಲ್.

ಇಬ್ಬರು ಐಸಮನ ಕಂಕುಳಿಗೆ ಕೈ ಕೊಟ್ಟು ದಡಕ್ಕೆ ಎಳೆದರು. ಟೆಂಪಿ ಹಿಂದೆಯೇ ಬಂದು ಅವನ ಸೊಂಟ ಹಿಡಿದುಕೊಂಡಳು.

"ಕೂಗಿ ದಾರಿ ಹೇಳು. ಬಾಯಿ ಬಿಟ್ಟರೆ ನಿನ್ನನ್ನ ಮಾರೋದಿಲ್ಲ. ಇನ್ನೊಂದು ಮಾತು ಕೊಡ್ತೀನಿ."

ಐಸಮ್ ಕಣ್ಣು ಕಿರಿದು ಮಾಡಿ ನೋಡಿದ. ದೋಣಿಗೆ ದಾರಿ ಇತ್ತು, ಹಿಂದಕ್ಕೆ ನೂಕಿ ಕೆಳಗಿನಿಂದ ಸುತ್ತಿ ಹೋಗಬೇಕಿತ್ತು. ಇನ್ನೊಂದು ದಾರಿಯೂ ಇತ್ತು. ದೋಣಿಯ ಮೂತಿಯಿಂದ ಹೊರಟ ಸುಕ್ಕು ನೀರಿನ ಒಂದು ಗೆರೆ, ಅಂಕುಡೊಂಕಾಗಿ, ದಡದ ಬಾಗಿದ ವಿಲ್ಲೋ ಮರದವರೆಗೆ. ದೋಣಿ ಹೋಗುವಷ್ಟು ಆಳವಿಲ್ಲ. ಕಾಲು ಹೋಗುವಷ್ಟು ಇದೆ.

ಎದೆ ತುಂಬ ಉಸಿರೆಳೆದ. ಬೆನ್ನಿನ ಹಕ್ಕಳೆಗಳು ಬಿರಿದವು.

"ಡಿಲಾ. ಮೂತಿಯಿಂದ ಇಳಿ. ಸುಕ್ಕು ನೀರು ಹಿಡ್ಕೊ."

ಆ ಮಾತು ಯಾರಿಗೆ ಅಂತ ಕರ್ನಲ್‌ಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಡಿಲಾಗೆ ಬೇಕಾಗಲಿಲ್ಲ. ಲಂಗ ಸೊಂಟಕ್ಕೆ ಕಟ್ಟಿ ಅವಳು ಆಗಲೇ ನೀರಿಗಿಳಿದಿದ್ದಳು.

"ಬಲಕ್ಕೆ. ಬಾಗಿದ ಮರ ನೋಡ್ತಾ ಹೋಗು."

ಲೈಲ್ ಬಂದೂಕು ಎತ್ತಿದ. ಅಂಬಿಗ ಅದರ ನಳಿಗೆ ತಳ್ಳಿದ. "ಸಾವಿರ ಡಾಲರಿನ ಮಾಲು ಮಾರಾಯ, ನೀರಿಗೆ ಹಾಕ್ತೀಯಾ?" ಅವಳ ಬೆಲೆಯೇ ಅವಳನ್ನು ಆ ಗಳಿಗೆ ಉಳಿಸಿತು. ಲೈಲ್ ಬಂದೂಕು ಬಿಸಾಡಿ ತಾನೇ ಹಾರಿದ. ಸುತ್ತು ಯಾಕೆ ಅಂತ ನೇರವಾಗಿ ಹೋದ. ನೇರದಲ್ಲಿ ನುಣ್ಣನೆ ನೀರಿತ್ತು. ನಾಲ್ಕನೆಯ ಹೆಜ್ಜೆಗೆ ಕತ್ತಿನವರೆಗೆ ಹೋದ. ಅಂಬಿಗ ಗಳ ಚಾಚಿ ಎಳೆದುಕೊಳ್ಳಬೇಕಾಯಿತು.

ಕರ್ನಲ್ ಪಿಸ್ತೂಲಿನ ಹಿಡಿಯಿಂದ ಐಸಮನ ಬಾಯಿಗೆ ಹೊಡೆದ. ಹಲ್ಲು ಮುರಿದವು. ಇನ್ನೊಂದು ಹೊಡೆದ. ಐಸಮ್ ಮಂಡಿಯೂರಿ ಬಿದ್ದ. ಮಾತು ರಕ್ತದಲ್ಲಿ ಗುಳುಗುಳು ಅಂದಿತು. ಟೆಂಪಿ ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟಳು. ಎದ್ದು ನಿಂತು, ಇಪ್ಪತ್ತು ವರ್ಷ ತಗ್ಗಿಸಿಕೊಂಡೇ ಇದ್ದ ದನಿಯಲ್ಲಿ ಕೂಗಿದಳು.

"ನಿಲ್ಲು. ಎಡಕ್ಕೆ ಹೊಳ್ಳು. ಮೂರು ಹೆಜ್ಜೆ. ಈಗ ಹೋಗು."

ಅವಳನ್ನೂ ಹೊಡೆದು ಕೆಡವಿದರು. ಅಷ್ಟರಲ್ಲಿ ಡಿಲಾ ವಿಲ್ಲೋ ಮರದ ಬೇರು ಹಿಡಿದಿದ್ದಳು. ಮೇಲೆ ಹತ್ತಿದಳು. ಒಂದು ಸಲ ತಿರುಗಿ ನೋಡಿದಳು. ಆಮೇಲೆ ಅಲ್ಲಿ ಎಲೆ ಮಾತ್ರ ಇತ್ತು.

ಆ ದಡದಲ್ಲಿ ಬಿಡುಗಡೆ ಏನೂ ಕಾದುಕೊಂಡಿರಲಿಲ್ಲ. ಅದು ಈಗ ಒಡೆಯರು ಓಟು ಹಾಕಿ ಗೆದ್ದ ನೆಲ, ಐಸಮನ ಹೆಸರೂ ಸೇರಿ ಗೆದ್ದ ನೆಲ. ಗುಲಾಮಗಿರಿ ಒಲ್ಲದವರ ಊರು ಎರಡು ಹಗಲಿನ ನಡಿಗೆ. ನಾಯಿ ಬಿಡುತ್ತಾರೆ. ಆದರೆ ದೋಣಿ ಮರಳಿನಲ್ಲಿತ್ತು, ಅದು ಬಿಡುವಾಗ ಸಂಜೆಯಾಯಿತು. ನಾಯಿಗಳಿಗೂ ದೋಣಿ ಬೇಕು.

ಐಸಮನನ್ನು ಸೆಣಬಿನ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕೂಡಿದರು. ಸೋಮವಾರ ದಕ್ಷಿಣದ ವ್ಯಾಪಾರಿ ಬರುತ್ತಾನೆ. ಮಾರನೆಯ ಮಧ್ಯಾಹ್ನ ಟೆಂಪಿ ನೀರು ತಂದಳು. ಅವಳ ಒಂದು ಕಣ್ಣು ಮುಚ್ಚಿಹೋಗಿತ್ತು. ಬಟ್ಟೆ ಒದ್ದೆ ಮಾಡಿ ಅವನ ಬಾಯಿ ಒರೆಸಿದಳು. ರೊಟ್ಟಿಯನ್ನು ನೀರಲ್ಲಿ ಕಿವುಚಿ, ನೆಲದ ಮೇಲಿಡದೆ, ಕೈಯಾರೆ ತಿನ್ನಿಸಿದಳು.

"ಸಿಕ್ಕಿಲ್ಲ," ಅಂದಳು. "ನಾಯಿ ಬಿಟ್ಟೋರು ಬರಿಗೈಲಿ ಬಂದ್ರು. ದಾಟಿದ್ಲು ಕಣಯ್ಯ."

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬೆರಳು ಮಡಿಸುತ್ತಾ ಏನೋ ಎಣಿಸುತ್ತಿದ್ದ.

"ಏನು ಎಣಿಸ್ತಿದ್ದೀಯ?"

"ಮಾತು," ಅಂದ. ಒಡೆದ ಬಾಯಿಂದ ಅದು ಮೆಲ್ಲಗೆ ಬಂತು. "ಅವಳಿಗೆ ಹೇಳಿದ್ದು. ಇಪ್ಪತ್ತು ಮಾತೂ ಆಗಿಲ್ಲ ಕಣಮ್ಮಿ. ಆ ಹೆಂಗ್ಸಿಗೆ ಇನ್ನೂ ಕಮ್ಮಿ ಸಾಕಿತ್ತು. 'ಒಣಮರದ ಹತ್ರ ದಾಟು.' ಮೂರು ಮಾತು. ದೋಣಿ ಇಲ್ದಿದ್ರೂ ಸಾಕಂದ್ಲು ಅವ್ಳು. ಮೂರು ಮಾತು ಕೇಳಿದ್ಲು."

ಟೆಂಪಿ ಬಟ್ಟೆ ಹಿಂಡಿದಳು. ನೀರು ಕೆಂಪಾಗಿ ಇಳಿಯಿತು.

"ಹೆಸ್ರೇನು ಅವಳ್ದು?"

ಐಸಮ್ ಮಡಿಸಿದ್ದ ಬೆರಳು ಬಿಚ್ಚಿದ.

"ನಾ ಕೇಳ್ಲಿಲ್ಲ," ಅಂದ.